ಎರಡು ಮೈಲಿಗೆ 370 ಅಡಿ ಕಡಿಮೆ: ನ್ಯೂಜೆರ್ಸಿಯಲ್ಲಿ ಸ್ಕೂಲ್ ಬಸ್ ಯಾರಿಗೆ ಸಿಗುತ್ತದೆ?

ಪ್ರಶ್ನೆ: ನಾವು ಹೋದ ವರ್ಷ ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಯ ಒಂದು ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್‌ಗೆ ಬಾಡಿಗೆಗೆ ಬಂದೆವು. ಮಗಳು ಬರುವ ಸೆಪ್ಟೆಂಬರ್‌ಗೆ ಕಿಂಡರ್‌ಗಾರ್ಟನ್. ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನ ಪೋರ್ಟಲ್‌ನಲ್ಲಿ ‘ಬಸ್‌ಗೆ ಅರ್ಹತೆ ಇಲ್ಲ, ದೂರ 1.93 ಮೈಲಿ’ ಎಂದು ತೋರಿಸುತ್ತಿದೆ. ಗೂಗಲ್ ಮ್ಯಾಪ್ಸ್ ಪ್ರಕಾರ 2.2 ಮೈಲಿ. ದಾರಿಯಲ್ಲಿ ನಾಲ್ಕು ಲೇನ್ ರಸ್ತೆ ದಾಟಬೇಕು, ಒಂದು ಕಡೆ ಸೈಡ್‌ವಾಕೇ ಇಲ್ಲ. ಐದು ವರ್ಷದ ಮಗು ನಡೆದು ಹೋಗಲು ಸಾಧ್ಯವೇ? ಪಕ್ಕದ ಬಿಲ್ಡಿಂಗಿನ ಹುಡುಗ ಖಾಸಗಿ ಶಾಲೆಗೆ ಹೋಗುತ್ತಾನೆ, ಅವನಿಗೆ ಡಿಸ್ಟ್ರಿಕ್ಟ್ ಖರ್ಚಿನಲ್ಲೇ ಬಸ್ ಬರುತ್ತದೆ. ಮಗನಿಗೆ ಎಂಟನೇ ತರಗತಿಯವರೆಗೆ ಬಸ್ ಇತ್ತು. ಹೈಸ್ಕೂಲ್ ಕೂಡ ಅವನ ಹಳೆಯ ಶಾಲೆಯ ಆವರಣದಲ್ಲೇ ಇದೆ, ದೂರ 2.3 ಮೈಲಿ. ಈಗ ಅವನ ಬಸ್ಸೂ ಹೋಯಿತು. ನಾವು ಎಚ್-1ಬಿ ವೀಸಾದಲ್ಲಿರುವುದಕ್ಕೂ ಇದಕ್ಕೂ ಸಂಬಂಧ ಇದೆಯೇ? ಆಗಸ್ಟ್‌ನಲ್ಲಿ ಹಾಸನದಿಂದ ಅಮ್ಮ ಬರುತ್ತಾರೆ. ಬಸ್ ಸಿಕ್ಕರೆ ಸ್ಟಾಪ್‌ನಿಂದ ಮಗುವನ್ನು ಅವರು ಕರೆದುಕೊಂಡು ಬರಬಹುದೇ?

ಉತ್ತರ: ವೀಸಾದ ಆತಂಕವನ್ನು ಮೊದಲು ಬಿಟ್ಟುಬಿಡಿ. ಬಸ್‌ನ ಅರ್ಹತೆ ನಿಂತಿರುವುದು ನೀವು ಎಲ್ಲಿ ವಾಸಿಸುತ್ತೀರಿ, ಮಗು ಯಾವ ತರಗತಿ ಎಂಬುದರ ಮೇಲೆ. ವಲಸೆಯ ಸ್ಥಿತಿ ಏನೇ ಇರಲಿ, ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಪ್ಲೈಲರ್ ಪ್ರಕರಣದಲ್ಲಿ ಹೇಳಿದೆ. ಲೀಸ್ ಕರಾರು, ಕರೆಂಟ್ ಬಿಲ್ಲಿನಂಥ ವಿಳಾಸದ ದಾಖಲೆ ಸಾಕು.

ಇನ್ನು ಮುಖ್ಯ ವಿಷಯ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅಹವಾಲುಗಳು ಒಂದರೊಳಗೊಂದು ಸೇರಿಕೊಂಡಿವೆ: ದೂರದ ಅಳತೆ ತಪ್ಪಾಗಿದೆ ಎಂಬುದು ಒಂದು, ದಾರಿ ಅಪಾಯಕಾರಿ ಎಂಬುದು ಇನ್ನೊಂದು. ಮೊದಲನೆಯದು ಕಾನೂನಿನ ಹಕ್ಕಿಗೆ ಸಂಬಂಧಿಸಿದ್ದು, ಎರಡನೆಯದು ಸ್ಕೂಲ್ ಬೋರ್ಡ್‌ನ ವಿವೇಚನೆಗೆ ಬಿಟ್ಟದ್ದು. ಇವೆರಡನ್ನೂ ಕಲಸಿ ಬರೆದ ಮೇಲ್‌ಗೆ ಟ್ರಾನ್ಸ್‌ಪೋರ್ಟೇಷನ್ ಆಫೀಸ್‌ನಿಂದ ಬರುವುದು ಒಂದೇ ಸಾಲಿನ ಉತ್ತರ: ‘ನಿಮ್ಮ ಮನೆ ಎರಡು ಮೈಲಿಯ ಒಳಗಿದೆ.’ ಅಪಾಯದ ಮಾತು ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಎರಡು ಪತ್ರ ಬರೆಯಿರಿ, ಎರಡು ಕಡೆ ಕಳಿಸಿ.

ಮೊದಲು ಅಳತೆ. ನ್ಯೂಜೆರ್ಸಿ ಕಾನೂನಿನಂತೆ ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿಯವರೆಗಿನ ಮಕ್ಕಳ ಮನೆ ಶಾಲೆಯಿಂದ ಎರಡು ಮೈಲಿಗಿಂತ ಹೆಚ್ಚು ದೂರ ಇದ್ದರೆ, ಒಂಬತ್ತರಿಂದ ಹನ್ನೆರಡರವರೆಗಿನವರ ಮನೆ ಎರಡೂವರೆ ಮೈಲಿಗಿಂತ ಹೆಚ್ಚು ದೂರ ಇದ್ದರೆ ಡಿಸ್ಟ್ರಿಕ್ಟ್ ಬಸ್ ಕೊಡಲೇಬೇಕು. ‘ಹೆಚ್ಚು’ ಎಂದರೆ ಹೆಚ್ಚೇ, ಸರಿಯಾಗಿ ಎರಡು ಮೈಲಿ ಇದ್ದರೂ ಸಿಗುವುದಿಲ್ಲ. ನಿಮ್ಮ ಮಗನ ಬಸ್ ನಿಂತದ್ದು ಇದೇ ಕಾರಣಕ್ಕೆ. ಮನೆ, ಆವರಣ, ರಸ್ತೆ ಯಾವುದೂ ಬದಲಾಗದಿದ್ದರೂ ಒಂಬತ್ತನೇ ತರಗತಿಗೆ ಕಾಲಿಟ್ಟ ದಿನ ಗೆರೆ ಅರ್ಧ ಮೈಲಿ ಆಚೆ ಹೋಗುತ್ತದೆ. ಪೋರ್ಟಲ್‌ನಲ್ಲಿ ತಪ್ಪಿಲ್ಲ. 2.3 ಮೈಲಿಯ ಬಗ್ಗೆ ಅಪೀಲಿಗೆ ಹೋಗಿ ಸಮಯ ಕಳೆಯಬೇಡಿ.

ಮಗಳದ್ದು ಹಾಗಲ್ಲ, ಅಲ್ಲಿ ನೋಡಬೇಕಾದ್ದು ಇದೆ. ಎರಡು ಮೈಲಿ ಅಂದರೆ 10,560 ಅಡಿ. 1.93 ಮೈಲಿ ಅಂದರೆ ಹೆಚ್ಚುಕಡಿಮೆ 10,190 ಅಡಿ. ಕೊರತೆ 370 ಅಡಿ. ದೊಡ್ಡ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್‌ನಲ್ಲಿ ಗೇಟಿನಿಂದ ಕೊನೆಯ ಬಿಲ್ಡಿಂಗ್‌ಗೆ ಇದಕ್ಕಿಂತ ಹೆಚ್ಚು ದೂರ ಇರುತ್ತದೆ.

ಗೂಗಲ್ ಮ್ಯಾಪ್ಸ್‌ಗೂ ಡಿಸ್ಟ್ರಿಕ್ಟ್‌ಗೂ ಲೆಕ್ಕ ತಾಳೆಯಾಗದಿರಲು ಸಾಮಾನ್ಯ ಕಾರಣವೆಂದರೆ ನೀವು ಕಾರಿನ ದಾರಿ ನೋಡಿದ್ದೀರಿ, ಅವರು ಕಾಲುದಾರಿ ನೋಡಿದ್ದಾರೆ. ರಾಜ್ಯದ ನಿಯಮದ ಪ್ರಕಾರ ಅಳೆಯಬೇಕಾದ್ದು ಸಾರ್ವಜನಿಕ ರಸ್ತೆ ಅಥವಾ ಸಾರ್ವಜನಿಕ ಕಾಲುದಾರಿಯ ಮೂಲಕ ಹೋಗುವ ಅತಿ ಹತ್ತಿರದ ದಾರಿಯನ್ನು. ಶುರುವಾಗುವುದು ಮಗುವಿನ ಮನೆಯಲ್ಲಿ ಆ ರಸ್ತೆಗೆ ಹತ್ತಿರವಿರುವ ಪ್ರವೇಶದಿಂದ, ಮುಗಿಯುವುದು ಶಾಲೆಯ ಅತಿ ಹತ್ತಿರದ ಸಾರ್ವಜನಿಕ ಪ್ರವೇಶದಲ್ಲಿ. ಕಾರು ಸುತ್ತಿ ಹೋಗಬೇಕಾದ ಕಡೆ ಪಾರ್ಕ್‌ನ ನಡುವೆ ಕಾಲುದಾರಿ ಇದ್ದರೆ, ಎರಡು ಕುಲ್-ಡಿ-ಸ್ಯಾಕ್‌ಗಳ (ಕೊನೆ ಮುಚ್ಚಿದ ಬೀದಿಗಳ) ನಡುವೆ ಟೌನ್‌ಶಿಪ್ (ಊರಿನ ಸ್ಥಳೀಯ ಆಡಳಿತ) ಹಾಕಿದ ನಡಿಗೆ ದಾರಿ ಇದ್ದರೆ ಅದೇ ಲೆಕ್ಕಕ್ಕೆ ಬರುತ್ತದೆ. 2.2 ಮತ್ತು 1.93ರ ನಡುವಿನ ಅಂತರ ಅಲ್ಲೇ ಇರಬಹುದು.

ತಪ್ಪಾಗುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಆರಂಭದ ಬಿಂದು. ರೂಟಿಂಗ್ ಸಾಫ್ಟ್‌ವೇರ್ ಕೆಲವೊಮ್ಮೆ ಇಡೀ ಕಾಂಪ್ಲೆಕ್ಸ್‌ಗೆ ಒಂದೇ ಚುಕ್ಕೆ ಇಟ್ಟಿರುತ್ತದೆ, ಅದು ಲೀಸಿಂಗ್ ಆಫೀಸ್ ಮೇಲೋ ಮುಖ್ಯ ಗೇಟಿನ ಮೇಲೋ ಕೂತಿರುತ್ತದೆ. ನಿಯಮ ಹೇಳುವುದು ಮನೆಯ ಪ್ರವೇಶ ಎಂದು. ಎರಡು, ಕೊನೆಯ ಬಿಂದು. ಶಾಲೆಯ ಹಿಂಬದಿಯಲ್ಲಿ ಸಿಬ್ಬಂದಿಗೆ ಮಾತ್ರ ತೆರೆಯುವ, ಬೀಗ ಹಾಕಿರುವ ಗೇಟಿನವರೆಗೆ ಅಳೆದಿದ್ದರೆ ಅದು ಸಾರ್ವಜನಿಕ ಪ್ರವೇಶವಲ್ಲ. ಮೂರು, ನಡುದಾರಿ. ಸಾಫ್ಟ್‌ವೇರ್ ಗೆರೆ ಶಾಪಿಂಗ್ ಸೆಂಟರ್‌ನ ಪಾರ್ಕಿಂಗ್ ಜಾಗದಲ್ಲೋ ಬೇರೆ ಕಾಂಪ್ಲೆಕ್ಸ್‌ನ ಹುಲ್ಲುಹಾಸಿನ ಮೇಲೋ ಹಾದುಹೋಗಿದ್ದರೆ ಅದು ಖಾಸಗಿ ಜಾಗ, ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಮೂರರಲ್ಲಿ ಗಟ್ಟಿಯಾದ ಆಧಾರ ಈ ಕೊನೆಯದು, ಏಕೆಂದರೆ ಫೋಟೊ ತೆಗೆದು ತೋರಿಸಬಹುದು.

ಕಾರಿನ ಓಡೋಮೀಟರ್ ತೋರಿಸಿ ವಾದಿಸಬೇಡಿ. ಅದು ಮೈಲಿಯ ಹತ್ತನೇ ಒಂದು ಭಾಗವನ್ನಷ್ಟೇ ಹೇಳುತ್ತದೆ. ಆ ಒಂದು ಅಂಕಿ ಎಂದರೆ 528 ಅಡಿ, ನಿಮ್ಮ ಇಡೀ ಜಗಳವೇ 370 ಅಡಿಯದು. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್‌ನ ಸ್ಯಾಟಲೈಟ್ ನೋಟ ತೆರೆದು, ನಿಮ್ಮ ಬಿಲ್ಡಿಂಗಿನ ಬಾಗಿಲ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ದೂರ ಅಳೆಯುವ ಆಯ್ಕೆ ತೆಗೆದುಕೊಳ್ಳಿ. ಸೈಡ್‌ವಾಕ್ ಹಿಡಿದು ತಿರುವು ತಿರುವಿಗೂ ಚುಕ್ಕೆ ಇಡುತ್ತಾ ಶಾಲೆಯ ಬಾಗಿಲವರೆಗೆ ಹೋಗಿ. ನಿಮ್ಮ ಕೈಗೆ 2.03 ಬಂದರೆ ಹೋರಾಡಲು ಆಧಾರ ಇದೆ. 1.95 ಬಂದರೆ ಇಲ್ಲ, ನೇರವಾಗಿ ಎರಡನೇ ಪತ್ರದ ಕಡೆ ಹೋಗಿ.

ಆಧಾರ ಸಿಕ್ಕಿದರೆ ಟ್ರಾನ್ಸ್‌ಪೋರ್ಟೇಷನ್ ಕೋಆರ್ಡಿನೇಟರ್‌ಗೆ ಮೇಲ್ ಬರೆದು ನಾಲ್ಕೇ ವಿಷಯ ಕೇಳಿ: ಅಳತೆ ಯಾವ ಬಿಂದುವಿನಿಂದ ಶುರುವಾಯಿತು, ಶಾಲೆಯ ಯಾವ ಬಾಗಿಲಲ್ಲಿ ಮುಗಿಯಿತು, ಯಾವ ರಸ್ತೆ ಮತ್ತು ಕಾಲುದಾರಿಗಳ ಮೂಲಕ ಹೋಯಿತು, ಆ ನಕ್ಷೆಯ ಪ್ರತಿ ಸಿಗಬಹುದೇ. ಜೊತೆಗೆ ನಿಮ್ಮ ಅಳತೆಯ ಸ್ಕ್ರೀನ್‌ಶಾಟ್ ಇಡಿ. ಕೋಪದ ಮಾತು ಬೇಡ, ಹೋಲಿಕೆ ಬೇಡ, ತೆರಿಗೆಯ ಮಾತೂ ಬೇಡ. ಅಂತರ ಇಷ್ಟು ಕಡಿಮೆ ಇದ್ದಾಗ ಚಕ್ರದ ಅಳತೆಗೋಲು ಹಿಡಿದು ನಡೆದೇ ಅಳೆಯಿರಿ ಎಂದು ಕೇಳುವುದು ತಪ್ಪಲ್ಲ.

ಅಲ್ಲಿ ಆಗದಿದ್ದರೆ ಸ್ಕೂಲ್ ಬಿಸಿನೆಸ್ ಅಡ್ಮಿನಿಸ್ಟ್ರೇಟರ್, ಅವರ ಮೇಲೆ ಸೂಪರಿಂಟೆಂಡೆಂಟ್, ಆಮೇಲೆ ಬೋರ್ಡ್ ಆಫ್ ಎಜುಕೇಷನ್. ಬೋರ್ಡ್ ಕೂಡ ಒಪ್ಪದಿದ್ದರೆ ರಾಜ್ಯದ ಕಮಿಷನರ್ ಆಫ್ ಎಜುಕೇಷನ್ ಮುಂದೆ ಅರ್ಜಿ ಹಾಕಬಹುದು. ಅದಕ್ಕೆ ಅಂತಿಮ ತೀರ್ಮಾನ ತಿಳಿದ ದಿನದಿಂದ 90 ದಿನಗಳ ಗಡುವು ಇದೆ. ಪೋಷಕರು ಎಡವುವುದು ಇಲ್ಲೇ. ‘ಇನ್ನೊಮ್ಮೆ ನೋಡಿ’ ಎಂದು ಅದೇ ಆಫೀಸಿಗೆ ಮೇಲ್ ಮೇಲೆ ಮೇಲ್ ಕಳಿಸುತ್ತಾ ಕೂತರೆ ಗಡುವು ನಿಲ್ಲುವುದಿಲ್ಲ. ‘ಇದು ನಮ್ಮ ಅಂತಿಮ ತೀರ್ಮಾನ’ ಎಂಬ ಧಾಟಿಯ ಪತ್ರ ಬಂದ ತಾರೀಖನ್ನು ಬರೆದಿಟ್ಟುಕೊಳ್ಳಿ.

‘ಬರೀ 370 ಅಡಿ ಅಲ್ಲವೇ, ಮಾನವೀಯತೆಯಿಂದ ಕೊಡಬಾರದೇ’ ಎಂದು ಅನ್ನಿಸುವುದು ಸಹಜ. ಆಫೀಸಿನವರು ಯಾಕೆ ಬಗ್ಗುವುದಿಲ್ಲ ಎಂದು ಹೇಳುತ್ತೇನೆ. ರಾಜ್ಯದಿಂದ ಬರುವ ಸಾರಿಗೆ ಅನುದಾನಕ್ಕೆ ಲೆಕ್ಕ ಹಿಡಿಯುವುದು ಗೆರೆಯ ಆಚೆಗಿನ ಮಕ್ಕಳನ್ನು ಮಾತ್ರ, ಪ್ರತಿ ಅಕ್ಟೋಬರ್ ಮಧ್ಯದಲ್ಲಿ ಎಷ್ಟು ಮಕ್ಕಳು ಎಷ್ಟು ದೂರದಿಂದ ಬರುತ್ತಿದ್ದಾರೆ ಎಂಬ ವರದಿ ಹೋಗುತ್ತದೆ. ಗೆರೆಯೊಳಗಿನ ಮಗುವಿಗೆ ಕೊಟ್ಟ ಸೀಟಿನ ಪೂರ್ತಿ ಖರ್ಚು ಡಿಸ್ಟ್ರಿಕ್ಟ್‌ನದೇ. ಇನ್ನು ಸೀಟಿನ ಲೆಕ್ಕ. 54 ಸೀಟಿನ ಬಸ್ ಎಂದರೆ ಮೂವರು ಕೂರುವ 18 ಬೆಂಚುಗಳು. ಪುಟ್ಟ ಮಕ್ಕಳು ಮೂವರು ಕೂರುತ್ತಾರೆ. ಬೆನ್ನಿಗೆ ಬ್ಯಾಗ್ ಹಾಕಿದ ಹೈಸ್ಕೂಲ್ ಹುಡುಗರು ಇಬ್ಬರಿಗಿಂತ ಹೆಚ್ಚು ಹಿಡಿಸುವುದಿಲ್ಲ, ಅಲ್ಲಿಗೆ ಅದು 36 ಸೀಟಿನ ಬಸ್ ಆಯಿತು. ಅದೇ ಬಸ್ ಬೆಳಿಗ್ಗೆ ಮೊದಲು ಹೈಸ್ಕೂಲ್, ಆಮೇಲೆ ಮಿಡ್ಲ್ ಸ್ಕೂಲ್, ಕೊನೆಗೆ ಎಲಿಮೆಂಟರಿ ಹೀಗೆ ಸರದಿಯಲ್ಲಿ ಓಡುತ್ತದೆ. ಒಂದು ಸ್ಟಾಪ್ ಹೆಚ್ಚಾಗಿ ಮೊದಲ ಟ್ರಿಪ್ ತಡವಾದರೆ ಮುಂದಿನ ಎರಡೂ ತಡ. ಕಮರ್ಷಿಯಲ್ ಲೈಸೆನ್ಸ್ ಜೊತೆಗೆ ಸ್ಕೂಲ್ ಬಸ್ ಪರವಾನಗಿಯೂ ಇರುವ ಡ್ರೈವರ್‌ಗಳು ಸಿಗುವುದು ಕಷ್ಟವಾಗಿರುವಾಗ ಇನ್ನೊಂದು ಬಸ್ ಸೇರಿಸುವುದು ಸುಲಭದ ಮಾತಲ್ಲ. ಒಬ್ಬರಿಗೆ ಸಡಿಲಿಸಿದರೆ ಅದೇ ಬಿಲ್ಡಿಂಗಿನ ಎಲ್ಲರೂ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು.

ಖಾಸಗಿ ಶಾಲೆಯ ಹುಡುಗನಿಗೆ ಬಸ್ ಬರುವುದು ಕಾನೂನಿನ ಪ್ರಕಾರವೇ. ಲಾಭದ ಉದ್ದೇಶವಿಲ್ಲದ ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೂ ನ್ಯೂಜೆರ್ಸಿಯಲ್ಲಿ ಅದೇ ಎರಡು ಮತ್ತು ಎರಡೂವರೆ ಮೈಲಿಯ ಗೆರೆ ಅನ್ವಯಿಸುತ್ತದೆ, ಸಾಮಾನ್ಯವಾಗಿ ಶಾಲೆ 20 ಮೈಲಿಯೊಳಗೆ ಇರಬೇಕು. ತಲಾ ಖರ್ಚು ರಾಜ್ಯ ನಿಗದಿ ಮಾಡಿದ ಮಿತಿ ದಾಟಿದರೆ ಬಸ್ ಬದಲು ಪೋಷಕರಿಗೆ ಹಣ ಕೊಡುತ್ತಾರೆ. ಖಾಸಗಿ ಶಾಲೆಯ ಮಕ್ಕಳ ಬಸ್ ಖರ್ಚು ಸರ್ಕಾರ ಕೊಡಬಹುದೇ ಎಂಬ ವ್ಯಾಜ್ಯ ನ್ಯೂಜೆರ್ಸಿಯ ಯೂಯಿಂಗ್ ಟೌನ್‌ಶಿಪ್‌ನಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ, 1947ರಲ್ಲಿ ಎವರ್ಸನ್ ಪ್ರಕರಣದಲ್ಲಿ 5-4ರ ಬಹುಮತದಿಂದ ‘ಕೊಡಬಹುದು’ ಎಂದು ತೀರ್ಮಾನವಾಯಿತು. ಆ ಹುಡುಗನ ಶಾಲೆ ದೂರ ಇದೆ, ನಿಮ್ಮ ಮಗಳ ಶಾಲೆ ಹತ್ತಿರ ಇದೆ, ವ್ಯತ್ಯಾಸ ಅಷ್ಟೇ. ಅಕ್ಕಪಕ್ಕದ ಮಗುವಿಗೆ ಬಸ್ ಇರಲು ಬೇರೆ ಕಾರಣಗಳೂ ಇರುತ್ತವೆ. ವಿಶೇಷ ಅಗತ್ಯದ ಮಗುವಿನ ಐಇಪಿಯಲ್ಲಿ (ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆಯಲ್ಲಿ) ಸಾರಿಗೆ ಬರೆದಿದ್ದರೆ ದೂರ ಎಷ್ಟೇ ಇರಲಿ ಕೊಡಬೇಕು. ಮನೆ ಕಳೆದುಕೊಂಡ ಕುಟುಂಬದ ಮಕ್ಕಳಿಗೆ ಮೊದಲಿನ ಶಾಲೆಗೇ ಹೋಗಲು ಬಸ್ ಕೊಡಬೇಕೆಂದು ಫೆಡರಲ್ ಕಾನೂನೇ ಇದೆ. ಇವು ಆ ಮನೆಯವರ ಖಾಸಗಿ ವಿಷಯ, ಆಫೀಸ್ ನಿಮಗೆ ಹೇಳುವುದೂ ಇಲ್ಲ. ಹಾಗಾಗಿ ಪಕ್ಕದ ಮನೆಯ ಉದಾಹರಣೆ ಪತ್ರದಲ್ಲಿ ಕೆಲಸಕ್ಕೆ ಬಾರದು.

ಈಗ ಅಪಾಯದ ವಿಷಯ, ನಿಮ್ಮ ನಿಜವಾದ ಚಿಂತೆ. ಐದು ವರ್ಷದ ಮಗು ಎರಡು ಮೈಲಿ ನಡೆಯಲಿ ಎಂದು ಕಾನೂನು ಹೇಳುತ್ತಿಲ್ಲ. ಗೆರೆಯೊಳಗಿನ ಮಗುವನ್ನು ಶಾಲೆಗೆ ತಲುಪಿಸುವ ಹೊಣೆ ಪೋಷಕರದು ಎಂದಷ್ಟೇ ಹೇಳುತ್ತದೆ. ಸೈಡ್‌ವಾಕ್ ಇಲ್ಲದಿದ್ದರೆ ಬಸ್ ಕೊಡಲೇಬೇಕು ಎಂಬ ನಂಬಿಕೆ ನಮ್ಮವರಲ್ಲಿ ಬಹಳ ಹರಡಿದೆ, ಅದು ನಿಜವಲ್ಲ. ನ್ಯೂಜೆರ್ಸಿಯಲ್ಲಿ ಅಪಾಯಕಾರಿ ದಾರಿ ತಾನಾಗಿಯೇ ಬಸ್‌ನ ಹಕ್ಕು ಕೊಡುವುದಿಲ್ಲ. ಬೋರ್ಡ್ ಮನಸ್ಸು ಮಾಡಿದರೆ ತನ್ನ ಖರ್ಚಿನಲ್ಲಿ ಕೋರ್ಟಸಿ ಬಸ್ ಕೊಡಬಹುದು. ಅಪಾಯದ ಆಧಾರದ ಮೇಲೆ ಕೊಡುವ ಬೋರ್ಡ್‌ಗಳು ಅದಕ್ಕೊಂದು ಲಿಖಿತ ನೀತಿ ಇಟ್ಟುಕೊಳ್ಳಬೇಕು, ಅಪಾಯದ ದಾರಿಗಳ ಪಟ್ಟಿ ಮಾಡಬೇಕು. ಏನೇನು ಗಮನಿಸಬಹುದು ಎಂದು ಕಾನೂನೇ ಹೇಳಿದೆ: ವಾಹನ ಸಂಚಾರ ಎಷ್ಟು, ಸರಾಸರಿ ವೇಗ ಎಷ್ಟು, ಸೈಡ್‌ವಾಕ್‌ಗೆ ಸಾಕಷ್ಟು ಜಾಗ ಇದೆಯೇ, ಎದುರು ಕಾಣದ ತಿರುವು, ಕಡಿದಾದ ಏರಿಳಿತ, ದಾಟಬೇಕಾದ ಸೇತುವೆ, ರೈಲು ಹಳಿ, ದಟ್ಟಣೆಯ ರಸ್ತೆ ಇತ್ಯಾದಿ.

ಬೋರ್ಡ್‌ಗೆ ಬರೆಯುವ ಎರಡನೇ ಪತ್ರ ಈ ಪಟ್ಟಿಗೆ ಒಂದೊಂದಾಗಿ ಉತ್ತರ ಕೊಡುವಂತಿರಲಿ. ‘ತುಂಬಾ ಡೇಂಜರ್’ ಎಂದು ಬರೆದರೆ ಏನೂ ಆಗುವುದಿಲ್ಲ. ಶಾಲೆ ನಡೆಯುವ ದಿನ, ಮಕ್ಕಳು ಹೊರಡುವ ಹೊತ್ತಿನಲ್ಲೇ ಹೋಗಿ ಫೋಟೊ ತೆಗೆಯಿರಿ. ವೇಗ ಮಿತಿಯ ಫಲಕ, ಸೈಡ್‌ವಾಕ್ ನಿಂತುಹೋಗುವ ಜಾಗ ಮತ್ತು ಮತ್ತೆ ಶುರುವಾಗುವ ಜಾಗ, ನಾಲ್ಕು ಲೇನ್ ದಾಟಲು ಸಿಗ್ನಲ್ ಕೊಡುವ ಸೆಕೆಂಡುಗಳು, ಕ್ರಾಸಿಂಗ್ ಗಾರ್ಡ್ ಇದ್ದಾರೋ ಇಲ್ಲವೋ, ಎಲ್ಲವೂ ಬೀದಿಯ ಹೆಸರಿನ ಸಮೇತ ಇರಲಿ. ಅದೇ ಕಾಂಪ್ಲೆಕ್ಸ್‌ನಿಂದ ಅದೇ ಶಾಲೆಗೆ ಹೋಗುವ ಮಕ್ಕಳ ಮನೆಯವರೆಲ್ಲ ಸಹಿ ಹಾಕಲಿ. ಬೋರ್ಡ್ ತೂಗಿ ನೋಡುವುದು ಒಂದು ದಾರಿಯನ್ನು, ಒಂದು ಮಗುವನ್ನಲ್ಲ.

ಪತ್ರದ ಇನ್ನೊಂದು ಪ್ರತಿ ಟೌನ್‌ಶಿಪ್‌ಗೆ ಹೋಗಬೇಕು. ನಡೆಯುವ ದಾರಿಯ ಸುರಕ್ಷತೆ ಸ್ಥಳೀಯ ಆಡಳಿತದ ಜವಾಬ್ದಾರಿ. ಕ್ರಾಸಿಂಗ್ ಗಾರ್ಡ್ ಹಾಕುವುದು ಪೊಲೀಸ್ ಇಲಾಖೆಯ ಮೂಲಕ ನಡೆಯುತ್ತದೆ, ಅಲ್ಲಿನ ಟ್ರಾಫಿಕ್ ವಿಭಾಗವನ್ನು ಕೇಳಿ. ನಾಲ್ಕು ಲೇನ್ ರಸ್ತೆ ಕೌಂಟಿಗೆ ಸೇರಿದ್ದರೆ ಕೌಂಟಿ ಎಂಜಿನಿಯರಿಂಗ್ ವಿಭಾಗಕ್ಕೂ ಬರೆಯಿರಿ. ಸುರಕ್ಷತೆಗಾಗಿ ಗೆರೆಯೊಳಗಿನ ಮಕ್ಕಳಿಗೂ ಬಸ್ ಬೇಕೆಂದು ಟೌನ್‌ಶಿಪ್‌ಗೆ ಅನ್ನಿಸಿದರೆ ಬೋರ್ಡ್ ಜೊತೆ ಒಪ್ಪಂದ ಮಾಡಿಕೊಂಡು ಖರ್ಚು ಕೊಡಲೂ ಅವಕಾಶವಿದೆ. ಸೈಡ್‌ವಾಕ್ ಕಟ್ಟಲು ‘ಸೇಫ್ ರೂಟ್ಸ್ ಟು ಸ್ಕೂಲ್’ ಎಂಬ ಫೆಡರಲ್ ಹಣದ ಕಾರ್ಯಕ್ರಮ ಇದೆ. ಅರ್ಜಿ ಹಾಕಬೇಕಾದವರು ಅವರು, ನೆನಪಿಸಬೇಕಾದವರು ನೀವು. ಇದು ವರ್ಷಗಳ ಕೆಲಸ, ಈ ಸೆಪ್ಟೆಂಬರ್‌ಗೆ ಆಗುವುದಲ್ಲ. ಗಾರ್ಡ್ ಮಾತ್ರ ಬೇಗ ಸಿಗಬಹುದು.

ಕೋರ್ಟಸಿ ಬಸ್ ಸಿಕ್ಕರೂ ಅದನ್ನು ಶಾಶ್ವತ ಎಂದುಕೊಳ್ಳಬೇಡಿ. ಬಜೆಟ್ ಬಿಗಿಯಾದ ವರ್ಷ ಮೊದಲು ಕತ್ತರಿ ಬೀಳುವ ಸಾಲುಗಳಲ್ಲಿ ಅದೂ ಒಂದು. ಮಾರ್ಚ್‌ನಲ್ಲಿ ಕರಡು ಬಜೆಟ್ ಬರುತ್ತದೆ, ಏಪ್ರಿಲ್ ಕೊನೆ, ಮೇ ಮೊದಲ ವಾರದ ಹೊತ್ತಿಗೆ ಸಾರ್ವಜನಿಕ ಸಭೆ. ಜೂನ್‌ನಲ್ಲಿ ಪತ್ರ ಬಂದಮೇಲೆ ಹೋಗಿ ಮಾತಾಡಿ ಫಲವಿಲ್ಲ, ಆ ಸಭೆಗೇ ಹೋಗಬೇಕು.

ಈ ಸೆಪ್ಟೆಂಬರ್‌ಗೆ ಕೈಗೆಟಕುವುದು ಸಬ್‌ಸ್ಕ್ರಿಪ್ಷನ್ ಬಸ್, ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಇದ್ದರೆ. ಗೆರೆಯೊಳಗಿನವರು ದುಡ್ಡು ಕೊಟ್ಟು ಸೀಟು ಪಡೆಯುವ ವ್ಯವಸ್ಥೆ ಇದು. ಸರ್ಕಾರಿ ಶಾಲೆ ಬಸ್‌ಗೆ ದುಡ್ಡು ಕೇಳಬಹುದೇ ಎಂಬ ಪ್ರಶ್ನೆಯನ್ನು ನಾರ್ತ್ ಡಕೋಟಾದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲಿ ಕೇಳಬಹುದು ಎಂದೇ ತೀರ್ಮಾನಿಸಿದೆ, ನ್ಯೂಜೆರ್ಸಿ ಕಾನೂನಿನಲ್ಲೂ ಅವಕಾಶ ಇದೆ. ದರ ಡಿಸ್ಟ್ರಿಕ್ಟ್‌ನಿಂದ ಡಿಸ್ಟ್ರಿಕ್ಟ್‌ಗೆ ಬೇರೆ. ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು: ಸ್ಟಾಪ್ ಎಲ್ಲಿ (ಈಗಿರುವ ರೂಟಿನ ಸ್ಟಾಪೇ ಕೊಡುತ್ತಾರೆ, ಮನೆ ಮುಂದೆ ಬರುವುದಿಲ್ಲ), ಎರಡನೇ ಮಗುವಿಗೆ ರಿಯಾಯಿತಿ ಇದೆಯೇ, ವರ್ಷದ ನಡುವೆ ಮನೆ ಬದಲಿಸಿದರೆ ಹಣ ವಾಪಸ್ ಬರುತ್ತದೆಯೇ, ಕಡಿಮೆ ಆದಾಯದವರಿಗೆ ವಿನಾಯಿತಿ ಉಂಟೇ. ಸೀಟು ಬೇಗ ತುಂಬುತ್ತವೆ. ಇವತ್ತೇ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಹಾಕಿಸಿ. ಅಪೀಲ್ ನಡೆಯುತ್ತಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಮಗನಿಗೂ ಇದೇ ದಾರಿ. ಸೈಕಲ್‌ನಲ್ಲಿ ಹೋಗುವುದಾದರೆ 17 ವರ್ಷದೊಳಗಿನವರಿಗೆ ಈ ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯ.

ಕಾಂಪ್ಲೆಕ್ಸ್‌ನ ಮೂರು ನಾಲ್ಕು ಮನೆಯವರು ಸೇರಿ ಸರದಿಯಲ್ಲಿ ಕಾರ್‌ಪೂಲ್ ಮಾಡುವುದು ಒಳ್ಳೆಯದೇ. ಎಂಟು ವರ್ಷದೊಳಗಿನ, 57 ಇಂಚಿಗಿಂತ ಗಿಡ್ಡವಿರುವ ಮಕ್ಕಳಿಗೆ ಹಿಂದಿನ ಸೀಟಿನಲ್ಲಿ ಬೂಸ್ಟರ್ ಅಥವಾ ಕಾರ್ ಸೀಟ್ ಇರಲೇಬೇಕು, ಪ್ರತಿ ಮಗುವಿನದೂ ಪ್ರತಿ ಕಾರಿನಲ್ಲೂ. ‘ಹತ್ತೇ ನಿಮಿಷ’ ಎಂದು ಸಡಿಲ ಬಿಡಬೇಡಿ. ಆದರೆ ಮಕ್ಕಳನ್ನು ದುಡ್ಡಿಗೆ ಕರೆದೊಯ್ಯುವ ಖಾಸಗಿ ವ್ಯಾನ್ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ಸ್ಕೂಲ್ ವಾಹನವಾಗಿ ನೋಂದಣಿ, ಚಾಲಕರ ಪರವಾನಗಿ, ವಾಣಿಜ್ಯ ವಿಮೆ ಈ ಮೂರನ್ನೂ ಕಾಗದದಲ್ಲಿ ನೋಡದೆ ಮಗುವನ್ನು ಹತ್ತಿಸಬೇಡಿ. ಅಪಘಾತವಾದಾಗ ಸಾಮಾನ್ಯ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಹಣ ಕೊಡಲು ನಿರಾಕರಿಸಬಹುದು.

ಇನ್ನೊಂದು ‘ಉಪಾಯ’ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡುತ್ತದೆ, ಗೆಳೆಯರ ಮನೆ ವಿಳಾಸ ಕೊಡುವುದು. ದಯವಿಟ್ಟು ಬೇಡ. ಡಿಸ್ಟ್ರಿಕ್ಟ್‌ಗಳು ವಾಸದ ತನಿಖೆ ಮಾಡುತ್ತವೆ. ವಿಳಾಸ ಬೇರೆ ಡಿಸ್ಟ್ರಿಕ್ಟ್‌ನದಾಗಿದ್ದರೆ ಮಗುವನ್ನು ಶಾಲೆಯಿಂದ ತೆಗೆದು, ಕಳೆದ ದಿನಗಳ ಬೋಧನಾ ಶುಲ್ಕವನ್ನೂ ವಸೂಲಿ ಮಾಡಬಹುದು.

ಬೇರೆ ರಾಜ್ಯಗಳಲ್ಲಿರುವವರು ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ವಿದ್ಯಾರ್ಥಿಗಳಿಗೆ ಬಸ್ ಕೊಡಲೇಬೇಕೆಂಬ ಕಡ್ಡಾಯವೇ ಇಲ್ಲ, ಬೇ ಏರಿಯಾದಲ್ಲಿ ಹಳದಿ ಬಸ್ ಅಪರೂಪವಾಗಿರುವುದು ಅದಕ್ಕೇ. ಟೆಕ್ಸಾಸ್‌ನಲ್ಲಿ ಎರಡು ಮೈಲಿಯ ಲೆಕ್ಕ ರಾಜ್ಯದ ಅನುದಾನಕ್ಕೆ ಸಂಬಂಧಿಸಿದ್ದು.

ಕೊನೆಗೆ ಅಮ್ಮನ ವಿಷಯ. ಸೀಟು ಸಿಕ್ಕರೆ ಅವರು ಖಂಡಿತ ಸ್ಟಾಪ್‌ಗೆ ಬರಬಹುದು, ವಿಸಿಟರ್ ವೀಸಾ ಅಡ್ಡಿಯಲ್ಲ. ಆದರೆ ಅನೇಕ ಡಿಸ್ಟ್ರಿಕ್ಟ್‌ಗಳಲ್ಲಿ ಕಿಂಡರ್‌ಗಾರ್ಟನ್ ಮಗುವನ್ನು ಹೆಸರು ನೋಂದಾಯಿಸಿದ ದೊಡ್ಡವರ ಕೈಗಲ್ಲದೆ ಇಳಿಸುವುದಿಲ್ಲ, ಯಾರೂ ಇಲ್ಲದಿದ್ದರೆ ಶಾಲೆಗೇ ವಾಪಸ್ ಕರೆದೊಯ್ಯುತ್ತಾರೆ. ಅವರ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಪಟ್ಟಿಗೆ ಸೇರಿಸಿ, ಭಾವಚಿತ್ರ ಇರುವ ಗುರುತಿನ ಚೀಟಿ ಜೊತೆಗಿರಲಿ. ಅಮೆರಿಕದ ಸಿಮ್ ಕೊಡಿಸಿ, ಡಿಸ್ಟ್ರಿಕ್ಟ್‌ನ ಕರೆ ಊರಿನ ನಂಬರಿನ ವಾಟ್ಸ್ಯಾಪ್‌ಗೆ ಬರುವುದಿಲ್ಲ. ಬಸ್ಸಿನ ಮೈಮೇಲಿನ ಸಂಖ್ಯೆ ಒಂದು, ಕಿಟಕಿಯಲ್ಲಿಡುವ ರೂಟ್ ಸಂಖ್ಯೆ ಇನ್ನೊಂದು ಎಂದು ತೋರಿಸಿಕೊಡಿ. ಬಸ್ ಕೆಟ್ಟು ಬದಲಿ ಬಸ್ ಬಂದ ದಿನ ರೂಟ್ ಸಂಖ್ಯೆ ಮಾತ್ರ ಅದೇ ಇರುತ್ತದೆ. ರಸ್ತೆ ದಾಟಬೇಕಿದ್ದರೆ ಡ್ರೈವರ್ ಕೈ ಮಾಡಿದ ಮೇಲೆ, ಬಸ್ಸಿನ ಮುಂದಿನಿಂದ ಹತ್ತು ಅಡಿ ಬಿಟ್ಟು, ಎಂದೂ ಹಿಂದಿನಿಂದ ಅಲ್ಲ. ಮಗುವಿನ ಕೈಯಿಂದ ನೀರಿನ ಬಾಟಲಿಯೋ ಚಿತ್ರದ ಹಾಳೆಯೋ ಬಸ್ಸಿನಡಿ ಬಿದ್ದರೆ ಮಗುವೂ ಬಗ್ಗಬಾರದು, ಅಜ್ಜಿಯೂ ಬಗ್ಗಬಾರದು. ದೂರ ನಿಂತು ಡ್ರೈವರ್‌ಗೆ ಕೈ ತೋರಿಸಿ ಹೇಳಬೇಕು.